ಕೊರಳಪಟ್ಟಿಯೊಳಗಿನ ಭಂಡಾರ

ಜನೆವರಿ ೧೨, ರವಿವಾರ

ಗೊಬ್ಬರದ ಅಂಗಡ್ಯಾಗ ಪುಕ್ಕಟೆ ಕೊಟ್ಟ ಡೈರಿ ಇದು. ಬಂದ ದಿನದಿಂದ ಹಿಟ್ಟಿನ ಡಬ್ಬಿಗೆ ಮುಚ್ಚಳಾಗಿ ಬಿದ್ದಿತ್ತು. ಇವತ್ತ ಝಾಡಿಸಿ ತಗದೆ, ಯಾಕಂದ್ರ ಮನ್ಯಾಗ ನನ್ನ ಬೈಗಳ ಕೇಳವ್ರು ಯಾರೂ ಉಳದಿಲ್ಲ. ಸೊಸಿ ಮಲ್ಲಮ್ಮ ಇಳಕಲ್ಲ ಮಗ್ಗದವರಿಗೆ ನೂಲಿನ ಕಂಡಿಕಿ ಸುತ್ತಿ ಕೊಡತಾಳ. ನಾ ಬಾಯಿ ತಗದ್ರ ಸಾಕು, ರಾಟಿ ಜೋರ ತಿರುವತಾಳ. ಮೊಮ್ಮಗಳು ಅಂಜನಾ ಕಿವ್ಯಾಗ ಹಾಡ ಕೇಳೂ ಬಿಳೇ ಗುಂಡಿ ತುರುಕ್ಕೋತಾಳ. ನಾ ಹುಚ್ಚವ್ವ, ಮರೋಳದ ಸಾಲ್ಯಾಗ ಮೂರನೇತ್ತ ತನಕ ಕಲತಾಕಿ. ಅಕ್ಷರ ಸೊಟ್ಟ ಬರತಾವ, ಬೈಗಳ ನೆಟ್ಟಗ ಬರತಾವ.

ಸುದ್ದಿ ಏನಂದ್ರ, ಅಂಜನಾ ವಿಮಾನದಿಂದ ಕೆಳಗ ಜಿಗಿಯೂದು ಕಲಿತಾಳಂತ.

ಹುನಗುಂದದ ಸಾಲ್ಯಾಗ ಆಟದ ಟೀಚರು ಅಕಿ. ಹುಡಿಗ್ಯಾರಿಗೆ ಖೋ ಖೋ ಕಲಿಸಿ ತೆಪ್ಪಗ ಇರೂದು ಬಿಟ್ಟು, ಹ್ವಾದ ವರ್ಷ ಅವರನ್ನ ಕಟಗೊಂಡು ಬಾದಾಮಿಗೆ ಹೋಗಿ, ಹಗ್ಗ ಹಿಡದು ಗುಡ್ಡ ಏರಿ ಬಂದಳು. ಅವತ್ತ ರುಚಿ ಹತ್ತೇತಿ. ಈಗ ಗುಡ್ಡ ಸಾಲವಲ್ದು, ಮುಗಿಲ ಬೇಕು. ಸೊಲ್ಲಾಪುರದ ಆಚೆ ಹಳೇ ವಿಮಾನದ ಬಯಲಾಗ ಜಿಗಿಯೂ ಸಾಲಿ ಐತಂತ.

"ಬೆನ್ನಿಗೆ ಛತ್ರಿ ಇರತೈತಿ ಆಯಿ," ಅಂದಳು.

"ಛತ್ರಿ ಇದ್ದವರು ಮಳ್ಯಾಗ ಹೋಗತಾರ, ಮುಗಿಲಿಗೆ ಹೋಗಂಗಿಲ್ಲ," ಅಂದೆ.

ಮಲ್ಲಮ್ಮಗ ಹೇಳಿದೆ, ನಿನ್ನ ಮಗಳಿಗೆ ಬುದ್ಧಿ ಹೇಳು ಅಂತ. "ನಾ ಹೇಳೂದು ಹೇಳೇನಿ ಅತ್ತಿ, ಇನ್ನ ನೀವುಂಟು ನಿಮ್ಮ ಮೊಮ್ಮಗಳುಂಟು," ಅಂತ ರಾಟಿ ಕಡೆ ಹೊಳ್ಳಿ ಕುಂತಳು.

ಅಂಜನಾನ ಅಪ್ಪ, ನನ್ನ ಮಗ ಹುಲ್ಲಪ್ಪ, ಇಳಕಲ್ಲ ಕಡೆ ಗ್ರಾನೈಟ್ ಕ್ವಾರಿಯಾಗ ಮ್ಯಾಲಿಂದ ಬಿದ್ದು ಹ್ವಾದ. ಇದನ್ನ ಬರಿಯೂದು ಬ್ಯಾಡ ಅನ್ಕೊಂಡಿದ್ದೆ. ಕೈ ಬರೀತು.

ಮಾಳಿಗಿ ಮ್ಯಾಲ ಮೆಣಸಿನಕಾಯಿ ಹರವೇತಿ. ತಿರುವಿ ಹಾಕೂದು ಮಲ್ಲಮ್ಮನ ಕೆಲಸ. ನನಗ ಮೊಣಕಾಲ ಬ್ಯಾನಿ, ಹುಲ್ಲಪ್ಪ ತೀರಿಕೊಂಡ ವರ್ಷದಿಂದ ಪಾವಟಿಗಿ ಏರಾಕ ಆಗಂಗಿಲ್ಲ.

ಜನೆವರಿ ೧೫, ಬುಧವಾರ

ನಿನ್ನೆ ಸಂಕ್ರಾಂತಿ. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಮಾಡಿದ್ದೆ, ಬಾಯಿಗೆ ರುಚಿ ಹತ್ತಲಿಲ್ಲ.

ಇವತ್ತ ಮುಂಜಾನಿಂದ ಅಂಜನಾ ಪಡಸಾಲ್ಯಾಗ ಕಂಬಳಿ ಹಾಸಿ ಹೊಟ್ಟಿ ಮ್ಯಾಲ ಮಲಗ್ಯಾಳ. ಎದಿ ಎತ್ತಿ, ಕಾಲ ಎತ್ತಿ, ಎರಡೂ ಕೈ ಕಿವಿ ಸನೇಕ ಎತ್ತಿ. ನಡೂ ಬೆಂಡ ಮಾಡಿ ಹಿಂಗ ಇದ್ರ ಗಾಳಿ ಹಿಡಕೋತೈತಂತ. ನೀರಿಂದ ತಗದು ಹೊರಗ ಒಗದ ಕಪ್ಪಿ ಹಂಗ ಕಾಣಾಕತ್ತಿದ್ದಳು. ಹಂಗ ಅಂತ ಹೇಳಿದೆ. ಅಕಿ ನಗಲಿಲ್ಲ, ತನ್ನ ಮಣಿಕಟ್ಟ ನೋಡಿಕೊಂಡಳು. ಅಲ್ಲಿ ಕಟ್ಟೂ ಗಡಿಯಾರ ವ್ಯಾಳೆ ತೋರಸಂಗಿಲ್ಲ, ನೆಲ ಎಷ್ಟು ಕೆಳಗ ಐತಿ ಅನ್ನೂದು ತೋರಸತೈತಂತ.

ಆಮ್ಯಾಲ ಮನಿ ಮುಂದಿನ ಕಟ್ಟಿ ಮ್ಯಾಲಿಂದ ಜಿಗದು ಜಿಗದು ಅಂಗಳದಾಗ ಉಳ್ಳಾಡಿದಳು. "ಪಾದ ಜೋಡಸು, ಮೊಣಕಾಲ ಜೋಡಸಿ ಚೂರು ಬಗ್ಗಸು, ಕೆಳಗ ನೋಡಬ್ಯಾಡ, ದೂರ ನೋಡು." ಜಿಗದಾಗೊಮ್ಮೆ ಮಂತ್ರ ಹೇಳಿದಂಗ ಹೇಳಕೋತಾಳ. ಸೆಗಣಿ ಹಾಕಿ ಸಾರಿಸಿದ ಅಂಗಳ ಕುರಿ ಹೊಕ್ಕಂಗ ಆತು.

"ಆಯಿ, ನೀ ಬ್ಯಾಡಂದ್ರ ನಾ ಹೋಗಂಗಿಲ್ಲ," ಅಂದಳು ಕಡೀಕ. ನನ್ನ ಮ್ಯಾಲ ಹಾಕಿದಳು ನೋಡ್ರಿ ಭಾರ.

"ನಮ್ಮ ದೇವರು ಬೀರಪ್ಪನ್ನ ಕೇಳೂಣು. ಅಂವ ಹೂಂ ಅಂದ್ರ ಹೋಗು," ಅಂದೆ. ಅಂವ ಹೂಂ ಅನ್ನಂಗಿಲ್ಲ. ನನಗ ಗೊತ್ತೈತಿ.

ಜನೆವರಿ ೧೯, ರವಿವಾರ

ಗುಡಿಗೆ ಹೋಗಿದ್ದೆ. ಪೂಜಾರಿ ದೇವಪ್ಪ ದೇವರ ಎರಡೂ ಕಡೆ ಒದ್ದಿ ಹೂ ಹಚ್ಚಿದ. ಬಲಗಡಿದು ಬಿದ್ರ ಹೂಂ, ಎಡಗಡಿದು ಬಿದ್ರ ಬ್ಯಾಡ. ನಾ ಕಣ್ಣ ಮುಚ್ಚಿ, ಬೀರಪ್ಪ, ಕೂಸು ಮುಗಿಲಿಂದ ಬೀಳತೇನಿ ಅನ್ನಾಕತ್ತೇತಿ, ನೀನ ತಡಿ, ಅಂದೆ. ಕಣ್ಣ ತಗಿಯೂದರಾಗ ಬಲಗಡಿ ಹೂ ಕೆಳಗ.

"ಆತು ಹೋಗವ್ವ, ಅಪ್ಪಣಿ ಆತು," ಅಂದ ದೇವಪ್ಪ.

"ಅಂವಗ ನನ್ನ ಮಾತು ತಿಳದಿಲ್ಲ. ಕುರಿ ಕಾಯ್ದ ದೇವರು ಅಂವ, ವಿಮಾನ ಅಂದ್ರ ಏನಂತ ಗೊತ್ತಾಗಬೇಕು? ಮತ್ತೊಮ್ಮೆ ಹಚ್ಚು."

ಹಚ್ಚಿದ. ಮತ್ತ ಬಲಗಡೇನ.

"ಹೂವಿಗೆ ನೀರ ಹೆಚ್ಚಾಗೇತಿ ದೇವಪ್ಪ, ಅದಕ್ಕ ಜಾರತೈತಿ."

"ಹುಚ್ಚವ್ವ, ನೀ ದೇವರನ್ನ ಕೇಳಾಕ ಬಂದೀಯೋ, ದೇವರಿಗೆ ಹೇಳಾಕ ಬಂದೀಯೋ?" ಅಂದ. ಹಿಂದ ನಿಂತವ್ರು ನಕ್ಕರು.

ಬರೂ ದಾರ್ಯಾಗ ಬೀರಪ್ಪನ ಮ್ಯಾಲ ಸಿಟ್ಟು ಬಂತು. ಅಕ್ಕ ಮಾಯವ್ವ ಸಾಕಿದ ಕೂಸು ಅಂವ. ತಾ ಯಾವ ಕೂಸನ್ನ ಸಾಕ್ಯಾನ? ಸಾಕಿದವರಿಗೆ ಗೊತ್ತು. ಮನಿಗೆ ಬಂದು ಹೇಳಿದೆ, ದೇವರು ಹೂಂ ಅಂದಾನ ಅಂತ. ಸುಳ್ಳ ಹೇಳಬಹುದಿತ್ತು. ದೇವಪ್ಪನ ಬಾಯಿ ಬುಟ್ಟಿ ಹಂಗ ಐತಿ, ಸಂಜೀಕ ಊರಿಗೆಲ್ಲ ಗೊತ್ತಾಗತಿತ್ತು.

ಜನೆವರಿ ೨೩, ಗುರುವಾರ

ನಾಳೆ ಹೊಂಡತಾಳ. ಮ್ಯಾಲ ಥಂಡಿ ಇರತೈತಿ ಅಂತ ಹಸಿರ ಸ್ವೆಟರ ತಗದಿಟ್ಟಾಳ. ಅಕಿ ಜಳಕಕ್ಕ ಹೋದಾಗ ನಾ ಅದರ ಕೊರಳಪಟ್ಟಿ ಬಿಚ್ಚಿ, ಒಳಗ ಒಂದು ಅರಿವಿ ಗಂಟು ಇಟ್ಟು ಹೊಲದೆ. ಗಂಟಿನ್ಯಾಗ ಬೀರಪ್ಪನ ಭಂಡಾರ. ಅರಿಷಿಣ ಪುಡಿ ಅಂತ ಮಂದಿ ಅಂತಾರ, ನಮಗ ಅದು ದೇವರ ಕೈ. ಮನಿ ಬಿಟ್ಟು ಹೊಂಟವರನ್ನ ನಮ್ಮ ಮಂದಿ ಖಾಲಿ ಕಳಸಂಗಿಲ್ಲ. ಹುಲ್ಲಪ್ಪ ಅವತ್ತ ಅವಸರದಾಗ ಇದ್ದ. ಭಂಡಾರದ ಚೀಲ ಹಿಡಕೊಂಡು ಬಾಗಲ ತನಕ ಓಡಿದೆ, ಟ್ರ್ಯಾಕ್ಟರ್ ಹ್ವಾತು.

ಹೊಲಿಗಿ ಕಾಣಂಗಿಲ್ಲ. ನನ್ನ ಕೈ ಇನ್ನೂ ಛಲೋ ಐತಿ.

ಜನೆವರಿ ೨೬, ರವಿವಾರ

ಇವತ್ತ ಜಿಗಿತಾಳ. ಮದಲನೇ ಸಲ ಒಬ್ಬಾಕಿನ ಬಿಡಂಗಿಲ್ಲಂತ. ಗುರು ಅಕಿನ್ನ ತನ್ನ ಎದಿಗೆ ಪಟ್ಟಿಲೆ ಕಟಗೊಂಡು ಜಿಗಿತಾಳಂತ, ಮಂಗ್ಯಾ ಮರಿ ಕಟಗೊಂಡಂಗ.

ಅಂಗಳ ಗುಡಿಸಿದೆ. ಮತ್ತ ಗುಡಿಸಿದೆ. ಜ್ವಾಳಾ ಹಸನ ಮಾಡಾಕ ಕುಂತು ಕಲ್ಲ ಉಳಿಸಿ ಜ್ವಾಳಾ ಚೆಲ್ಲಿದೆ. ಫೋನಿಗೆ ಮನಿ ಒಳಗ ರೇಂಜ್ ಇಲ್ಲ. ಹೊರಗ ಮಾಳಿಗಿ ಪಾವಟಿಗಿ ಬುಡಕ್ಕ ಒಂದ ಕಡ್ಡಿ ಬರತೈತಿ. ಕೆಳಗಿನ ಪಾವಟಿಗಿ ಮ್ಯಾಲ ಕುಂತೆ. ಬಿಸಲಿಗೆ ಅಲ್ಲೇ ಛಲೋ ಇತ್ತು.

ಫೋನ್ ಬರಲಿಲ್ಲ. ಫೋನ್ ಕಂಡ ಹಿಡದವನ ಮನಿ ಹಾಳಾಗಲಿ.

ಜನೆವರಿ ೨೭, ಸೋಮವಾರ

ಕಾಲ ಉಳುಕೇತಂತ. ದವಾಖಾನಿಗೆ ಹೋಗಿ ಪಟ್ಟಿ ಕಟಸ್ಯಾರಂತ. ಅಂಜನಾ ಮಲ್ಲಮ್ಮಗ ಇಷ್ಟ ಹೇಳಿ ಫೋನ್ ಇಟ್ಟಳು. ನನ್ನ ಜೋಡಿ ಮಾತಾಡಲಿಲ್ಲ.

ಜನೆವರಿ ೨೮, ಮಂಗಳವಾರ

ಹುನಗುಂದದಿಂದ ರಿಕ್ಷಾದಾಗ ಬಂದಳು. ಕುಂಟಕೋತ ಒಳಗ ಬಂದು ಸ್ವೆಟರ್ ನನ್ನ ಮುಂದ ಒಗದಳು. ಕೊರಳಪಟ್ಟಿ ಹರದು ಜೋತಾಡಾಕತ್ತಿತ್ತು, ಬೆನ್ನೆಲ್ಲ ಹಳದಿ.

ಜಿಗಿಯೂಕಿಂತ ಮದಲ ಎಲ್ಲಾರನ್ನೂ ಸಾಲ ಹಚ್ಚಿ ಕೇಳತಾರಂತ: ಕಿಸೆದಾಗ, ಕೊರಳಾಗ, ಅರಿವ್ಯಾಗ ಏನರ ಐತೇನು? ಅಂಜನಾ ಇಲ್ಲ ಅಂದಾಳ. ಗುರು ಮುಬಶೀರಾ, ವಿಜಾಪುರದಾಕಿ, ಅಕಿನ್ನ ಕಟಗೊಂಡು ಜಿಗದಾಳ. ಗಾಳಿ ಹೊಡತಕ್ಕ ನನ್ನ ಹೊಲಿಗಿ ಬಿಚ್ಚಿ, ಭಂಡಾರ ಅಷ್ಟೂ ಹಿಂದ ಇದ್ದ ಆ ಹುಡುಗಿ ಮಕಕ್ಕ. ಕಣ್ಣಿಗೆ ದೊಡ್ಡ ಕನ್ನಡಕ ಇದ್ರೂ ಸಂದ್ಯಾಗ ಹೊಕ್ಕೇತಿ. ಛತ್ರಿ ಹೆಂಗೋ ಬಿಚ್ಚಿದಳಂತ. ನೆಲ ಎಲ್ಲಿ ಐತಿ ಕಾಣವಲ್ದು. ಮುಂದಿದ್ದ ಅಂಜನಾ ಕೂಗಿ ಕೂಗಿ ಹೇಳಿದಳಂತ, ಎಡಕ್ಕ ಎಳೀರಿ, ಬಲಕ್ಕ ಎಳೀರಿ, ನೆಲ ಬಂತು ಅಂತ. ಇಬ್ಬರೂ ಉಳ್ಳಿದರು. ಅಕಿ ಉಳದಳು, ಇಕಿ ಕಾಲ ಉಳುಕಿತು.

ಜಿಗಿಯೂ ಸಾಲಿಯವ್ರು ಹೇಳಿ ಕಳಸ್ಯಾರ, ಸುಳ್ಳ ಹೇಳಿದವರಿಗೆ ಇಲ್ಲಿ ಜಾಗಾ ಇಲ್ಲ ಅಂತ.

"ನಾ ಸುಳ್ಳಿ ಆದೆ, ಆಯಿ. ನಾ ಸಾಲಿ ಹುಡಿಗ್ಯಾರಿಗೆ ಖರೆ ಮಾತಾಡ್ರಿ ಅಂತ ಕಲಸಾಕಿ."

ದೇವರು ಕಾಯ್ದಾನಲ್ಲ ಅಂದೆ.

"ದೇವರು ಹೂಂ ಅಂದಿದ್ದ. ನೀ ಬಿಡಲಿಲ್ಲ," ಅಂದಳು.

ಮಲ್ಲಮ್ಮನ ರಾಟಿ ನಿಂತಿತ್ತು. ಆ ಸಪ್ಪಳ ಇಲ್ಲದಾಗ ಮನಿ ಇಷ್ಟ ದೊಡ್ಡದು ಐತಿ ಅಂತ ಇವತ್ತ ಗೊತ್ತಾತು.

ಫೆಬ್ರುವರಿ ೨, ರವಿವಾರ

ಮಾತಿಲ್ಲ. ರೊಟ್ಟಿ ಹಾಕಿದ್ರ ಉಣ್ಣತಾಳ, ಮತ್ತೊಂದು ಬೇಕೇನು ಅಂದ್ರ ತಲಿ ಅಳ್ಳಾಡಸತಾಳ. ಬೈದಿದ್ರರ ಛಲೋ ಇತ್ತು. ನನ್ನ ಮೊಮ್ಮಗಳಾಗಿ ಬೈಯಾಕ ಬರಂಗಿಲ್ಲ ಅಂದ್ರ ಯಾರು ನಂಬತಾರ?

ಸಂಜೀಕ ಕಾಲಿಗೆ ಉಪ್ಪಿನ ಶಾಖ ಕೊಡಾಕ ಹೋದೆ. ಕಾಲ ಹಿಂದ ತಗೊಳ್ಳಲಿಲ್ಲ, ಅಷ್ಟ ಸಾಕಾತು.

"ಯಾಕ ಬೇಕವ್ವ ಇದು ನಿನಗ?" ಅಂದೆ.

ಆಗ ಅಂದಳು, "ನಾ ಸಣ್ಣಾಕಿ ಇದ್ದಾಗಿಂದ ಊರಾಗ ಎಲ್ಲಾರೂ ನನಗ 'ಬಿದ್ದವನ ಮಗಳು' ಅಂತಾರ. ಅಪ್ಪ ಬಿದ್ದಾಗ ಏನ ಕಂಡ ಅಂತ ದಿನಾ ವಿಚಾರ ಮಾಡತೇನಿ. ಬೀಳೂದಂದ್ರ ಏನಂತ ನನಗ ನೋಡಬೇಕು. ನೋಡಿ, ಹೊಳ್ಳಿ ಬರಬೇಕು."

ಶಾಖದ ಅರಿವಿ ಆರಿತ್ತು. ಮತ್ತ ಕಾಸಾಕ ಒಲಿ ಕಡೆ ಎದ್ದೆ. ಒಲಿ ಮುಂದ ಎದಕ್ಕ ಬಂದೇನಿ ಅನ್ನೂದ ಮರತ ನಿಂತೆ.

ಫೆಬ್ರುವರಿ ೬, ಗುರುವಾರ

ಅಂಜನಾ ಸಾಲಿಗೆ ಹೋದ ಮ್ಯಾಲ ಮಲ್ಲಮ್ಮನ ಕಡಿಂದ ಆ ಮುಬಶೀರಾಳ ನಂಬರ್ ಹಚ್ಚಿಸಿದೆ. ಕೆಳಗಿನ ಪಾವಟಿಗಿ ಮ್ಯಾಲ ಕುಂತು ಮಾತಾಡಾಕ ಹತ್ತಿದೆ, ಕಟ್ ಆತು. ಇನ್ನೊಂದೆರಡು ಪಾವಟಿಗಿ ಮ್ಯಾಲ ಜರದೆ. ಹತ್ತಿತು.

"ಯಾರ್ರಿ?"

"ನಾ ಹುಚ್ಚವ್ವ, ಅಂಜನಾನ ಆಯಿ. ಆ ಹಳದಿ ಪುಡಿ ಹೊಲದಾಕಿ ನಾನ. ಅಕಿಗೆ ಗೊತ್ತಿರಲಿಲ್ಲ. ಬೈಯೂದಿದ್ರ ನನಗ ಬೈ."

ಅಕಿ ನಕ್ಕಳು. "ಆಯೀ, ನನ್ನ ಕಿವ್ಯಾಗಿಂದ ಇನ್ನೂ ಬರಾಕತ್ತೇತ್ರಿ."

"ಕೊಬ್ಬರಿ ಎಣ್ಣಿ ಹಚ್ಚಿ ವರಸು."

"ಹಚ್ಚೇನ್ರಿ. ತಲಿದಿಂಬ ಸೈತ ಹಳದಿ ಆಗೇತಿ. ನಮ್ಮ ಅಬ್ಬಾ ಕೇಳತಾರ, ಯಾರ ಮದಿವ್ಯಾಗ ಉಳ್ಳಾಡಿ ಬಂದೀ ಅಂತ."

ಇಂಥಾಕಿ ಮಕಕ್ಕ ಒಗದೆನಲ್ಲ ಅನಿಸಿತು. ಅಂಜನಾನ್ನ ಮತ್ತ ಸೇರಿಸ್ಕೋ ಅಂದೆ. ಮುಬಶೀರಾ ನಗೂದು ಬಿಟ್ಟು ಮಾತಾಡಿದಳು. ದೊಡ್ಡವ್ರ ಜೋಡಿ ತಾ ಮಾತಾಡತಾಳಂತ, ಕಣ್ಣ ಕಾಣದಾಗ ಅಂಜನಾ ಗಾಬರಿ ಆಗಲಿಲ್ಲ, ಅದನ್ನೂ ಹೇಳತಾಳಂತ. ಕಾಲ ನೆಟ್ಟಗಾದ ಮ್ಯಾಲ ಕರಸತಾಳಂತ.

"ಆದ್ರ ಒಂದ ಮಾತು ಕೊಡ್ರಿ ಆಯಿ. ಈ ಸಲ ಖಾಲಿ ಕಳಸತೇನಿ ಅನ್ರಿ. ಈ ಸಲ ಯಾರೂ ಅಕಿನ್ನ ಕಟಗೊಳ್ಳಂಗಿಲ್ಲ. ನಾನು, ಇನ್ನೊಬ್ಬ ಗುರು, ಎರಡ ಕಡೆ ಹಿಡಕೊಂಡು ಜಿಗಿತೇವಿ. ಆಮ್ಯಾಲ ಛತ್ರಿ ಹಿಡಿಕಿ ಅಕಿ ತಾನ ಎಳೀಬೇಕು, ಕೆಳಗ ತಾನ ಇಳೀಬೇಕು."

"ನಮ್ಮಲ್ಲೆ ಖಾಲಿ ಕಳಸೂ ಪದ್ಧತಿ ಇಲ್ಲವ್ವ."

"ನಮ್ಮಲ್ಲೂ ಇಲ್ರಿ. ನಮ್ಮ ಅಮ್ಮಿ ನನ್ನ ತೋಳಿಗೆ ತಾಯತ ಕಟ್ಯಾಳ. ಜಿಗಿಯೂ ಮುಂದ ಬಿಚ್ಚಿ ಗ್ವಾಡಿ ಮೊಳಿಗೆ ಹಾಕತೇನಿ."

"ಮದಲನೇ ಸಲ ಬಿಚ್ಚಿದಾಗ ಏನಾತು?"

"ತೋಳ ಹಗರ ಅನಿಸಿತು. ಭಾಳ ಹೆದರಿಕಿ ಬಂತು. ಆಮ್ಯಾಲ ಜಿಗದೆ."

ವಿಚಾರ ಮಾಡಿ ಹೇಳತೇನಿ ಅಂತ ಇಟ್ಟೆ.

ಫೆಬ್ರುವರಿ ೮, ಶನಿವಾರ

ನಿನ್ನೆಲ್ಲ ಕುಂತಲ್ಲೆ ಕುಂದರಲಿಲ್ಲ, ನಿಂತಲ್ಲೆ ನಿಂದರಲಿಲ್ಲ. ಕಾಲುವಿ ತನಕ ನಡದು ಹೋಗಿ, ನೀರ ನೋಡಿ, ಹಂಗ ಹೊಳ್ಳಿ ಬಂದೆ. ಇವತ್ತ ಪಾವಟಿಗಿ ಮ್ಯಾಲ ಕುಂತು ಫೋನ್ ಹಚ್ಚಿ ಹೂಂ ಅಂದೆ.

ಫೆಬ್ರುವರಿ ೨೩, ರವಿವಾರ

ಕಾಲ ನೆಟ್ಟಗಾಗೇತಿ. ಸೊಲ್ಲಾಪುರದಿಂದ ಕರೀನೂ ಬಂದೇತಿ. ನಾ ಫೋನ್ ಮಾಡಿದ್ದು ಮಲ್ಲಮ್ಮ ಹೇಳಿರಬೇಕು, ಅಂಜನಾ ನಿನ್ನೆ ನನ್ನ ತಾಟಿನಾಗಿನ ಶೇಂಗಾ ಚಟ್ನಿ ಕೇಳದ ತಗೊಂಡಳು. ಅಂದ್ರ ರಾಜಿ ಆತು.

ಮತ್ತ ಕಂಬಳಿ ಮ್ಯಾಲ ಕಪ್ಪಿ. ಈ ಸಲ ಮಣಿಕಟ್ಟಿಗೆ ಹಳೇ ಗಡಿಯಾರ ಕಟಗೊಂಡಾಳ. ಮಣಿಕಟ್ಟ ನೋಡಬೇಕು, ಮುಂದ ನೋಡಬೇಕು, ಹೊತ್ತಾತು ಅಂದ್ರ ಕೈ ಸೊಂಟದ ಹಿಂದ ಒಯ್ದು ಎಳೀಬೇಕು. ಒಮ್ಮೆ ಮಣಿಕಟ್ಟ ನೋಡದ ಎಳದಳು.

"ನೋಡಲಿಲ್ಲ ನೀ," ಅಂದೆ ಜ್ವಾಳಾ ಹಸನ ಮಾಡಕೋತ.

"ನೋಡಿದೆ."

"ಎಲ್ಲಿ ನೋಡಿದಿ? ಕಣ್ಣ ಬಾಗಲ ಕಡೆ ಇದ್ದುವು. ಮತ್ತ ಮಾಡು. ಕಾಲ ಸಡಲ ಬಿಟ್ಟೀ, ಬಿಗಿ ಹಿಡಿ. ಹೂಂ. ಈಗ ನೋಡು. ಈಗ ಎಳಿ."

ಮಲ್ಲಮ್ಮ ರಾಟಿ ಹಿಂದಿಂದ ನನ್ನನ್ನ ನೋಡಾಕತ್ತಿದ್ದಳು. ಏನ ನೋಡತೀ ಅಂತ ಕೇಳಿದ್ದಕ್ಕ ಏನಿಲ್ಲ ಅತ್ತಿ ಅಂದಳು. ಈ ಮನ್ಯಾಗ ಯಾರಿಗೂ ಮಾಡೂ ಕೆಲಸಿಲ್ಲ.

ಮಾರ್ಚ್ ೬, ಗುರುವಾರ

ಹೋದಳು.

ಕೊಟ್ಟ ಮಾತಿಗೆ ಚೀಲ ನಾನ ತಗದು ತಪಾಸ ಮಾಡಿದೆ. ಸ್ವೆಟರ್ ಹಿಂಡಿ ಹಿಂಡಿ ತೊಳದಿದ್ದೆ, ಕೊರಳಪಟ್ಟಿ ಒಳಗ ಬೆರಳ ಹಾಕಿ ನೋಡಿದೆ, ಏನಿಲ್ಲ. ಜ್ಯಾಕೆಟ್ಟಿನ ಬಗಲ ಕಿಸೆಕ್ಕ ಕೈ ಹಾಕಿದ್ರ ಒಂದು ನಿಂಬಿಹಣ್ಣು. ಕುಂಕುಮ ಹಚ್ಚಿದ್ದು.

ಮಲ್ಲಮ್ಮನ ಮಕ ನೋಡಿದೆ. ಮಲ್ಲಮ್ಮ ನೆಲ ನೋಡಿದಳು.

"ಇಷ್ಟ ದಿನ ನಾ ಒಬ್ಬಾಕಿನ ದಡ್ಡಿ ಅನ್ಕೊಂಡಿದ್ದೆ," ಅಂದೆ.

"ನನಗೂ ಒಂದ ಕೂಸ ಅತ್ತಿ," ಅಂದಳು.

ಇಷ್ಟ ವರ್ಷ ಅಕಿ ರಾಟಿ ಸಪ್ಪಳದ ಹಿಂದ ಏನ ಮುಚ್ಚಿಡತಿದ್ದಳು ಅಂತ ನಾ ಕೇಳಿರಲಿಲ್ಲ. ನಿಂಬಿಹಣ್ಣ ಅಕಿ ಕೈಯಾಗ ಇಟ್ಟು ಮುಷ್ಟಿ ಮುಚ್ಚಿದೆ.

ಬಾಗಲದಾಗ ಅಂಜನಾ ಕಾಲಿಗೆ ಬಿದ್ದಳು. ರೂಢಿ ಐತಲ್ಲ, ನನ್ನ ಕೈ ತಾನ ಭಂಡಾರದ ಚೀಲಕ್ಕ ಹ್ವಾತು. ತಗದು, ಹಣಿಗೆ ಹಚ್ಚಿದೆ. ಅಕಿ ಹಣಿಗಲ್ಲ, ನನ್ನ ಹಣಿಗೆ.

"ಹೋಗಿ ಬಾ," ಅಂದೆ. ಖಾಲಿ ಹೋದಳು. ರಿಕ್ಷಾ ಕಾಲುವಿ ದಾಟೂ ತನಕ ನೋಡಿದೆ, ಹಿಂದ ಓಡಲಿಲ್ಲ.

ಮಾರ್ಚ್ ೮, ಶನಿವಾರ

ಅಕ್ಷರ ನೆಟ್ಟಗ ಬರವಲ್ದು. ಆದ್ರೂ ಬರಿತೇನಿ.

ಮಲ್ಲಮ್ಮ ಕಂಡಿಕಿ ಕೊಡಾಕ ಇಳಕಲ್ಲಿಗೆ ಹೋಗಿದ್ದಳು. ಹೋಗಬ್ಯಾಡ ಅಂದಿದ್ದೆ, ಮನ್ಯಾಗ ಕುಂತ್ರ ಹುಚ್ಚ ಹಿಡಿತೈತಿ ಅತ್ತಿ ಅಂದಳು. ಇಳದ ಮ್ಯಾಲ ಫೋನ್ ಮಾಡತೇನಿ ಅಂತ ಅಂಜನಾ ಅಂದಿದ್ದಳು. ಪಾವಟಿಗಿ ಮ್ಯಾಲ ಕುಂತೆ, ಫೋನಿನ್ಯಾಗ ಕಡ್ಡಿ ಹೋಗೂದು ಬರೂದು ಮಾಡಾಕತ್ತಿತು. ಮ್ಯಾಲ ಸರದೆ. ಮತ್ತ ಹ್ವಾತು. ಮತ್ತ ಸರದೆ. ಹಂಗ ಸರಕೋತ ಹೋಗಿ ಕುಂತಲ್ಲೆ ಪೂರಾ ಕಡ್ಡಿ ಬಂದು ನಿಂತುವು. ಸುತ್ತಲೂ ಮೆಣಸಿನಕಾಯಿ ಘಾಟ.

ಮ್ಯಾಲ ನೋಡಿದೆ. ಹದ್ದ ಒಂದು ಬಿಟ್ರ ಮುಗಿಲ ಖಾಲಿ. ಅಕಿ ಇರೂದು ಸೊಲ್ಲಾಪುರದ ಆಚೆ, ಇಲ್ಲಿಂದ ಏನ ಕಾಣತೈತಿ. ಆದ್ರೂ ಭಂಡಾರ ಮುಷ್ಟಿ ತುಂಬ ತಗೊಂಡು, ಬೀರಪ್ಪ, ನೀ ಹೂಂ ಅಂದೀ, ಈಗ ನೀನ ನೋಡ್ಕೋ, ಅಂತ ಮ್ಯಾಲ ತೂರಿದೆ. ಗಾಳಿ ಎದುರ ಇತ್ತು. ಅಷ್ಟೂ ನನ್ನ ಮಕಕ್ಕ ಬಂತು. ಕಣ್ಣಾಗ, ಮೂಗಿನ್ಯಾಗ, ಬಾಯಾಗ. ಮುಬಶೀರಾಗ ಏನಾಗಿತ್ತು ಅಂತ ಆವಾಗ ಗೊತ್ತಾತು. ಕಣ್ಣ ತಗಿಯಾಕ ಬರಲಿಲ್ಲ. ಅದ ಹೊತ್ತಿಗೆ ಫೋನ್ ಬಡೀತು. ಗುಂಡಿ ಕಾಣವಲ್ದು. ಬೆರಳಿಲೆ ಸವರಿ ಸವರಿ ಒತ್ತಿದೆ.

"ಆಯಿ, ಬಂದೆ ನೆಲಕ್ಕ."

ಫೋನ್ ಕಿವಿಗೆ ಒತ್ತಿ ಹಿಡದೆ.

"ನಾನ ಎಳದೆ ಆಯಿ. ಮಣಿಕಟ್ಟ ನೋಡೇ ಎಳದೆ."

"ಕಾಲು?"

"ಎರಡೂ ಅದಾವ."

ಆಮ್ಯಾಲ ಸಣ್ಣ ದನಿಲೆ ಅಂದಳು, "ಬಿದ್ದಂಗ ಅನಸಲೇ ಇಲ್ಲ ಆಯಿ. ಗಾಳಿ ಮ್ಯಾಲ ಯಾರೋ ಮಲಗಿಸಿ ಹಿಡದಂಗ ಇತ್ತು. ಅಪ್ಪಗೂ ಹಂಗ ಇದ್ದೀತು."

ಕ್ವಾರಿ ಅಷ್ಟು ಎತ್ತರ ಇರಲಿಲ್ಲ. ನನಗ ಗೊತ್ತೈತಿ, ಅಕಿಗೂ ಗೊತ್ತೈತಿ. "ಹೂಂ, ಇದ್ದೀತವ್ವ," ಅಂದೆ.

"ಅದೇನ ಗಾಳಿ ಸಪ್ಪಳ? ಎಲ್ಲಿದ್ದೀ ನೀ?"

"ಮೆಣಸಿನಕಾಯಿ ತಿರವಾಕ ಬಂದೇನಿ."

"ಮಾಳಿಗಿ ಮ್ಯಾಲೇನು?"

"ಮತ್ತ ಮೆಣಸಿನಕಾಯಿ ಬಾವ್ಯಾಗ ಒಣಗಸತಾರೇನು?" ಅಂದೆ. ಅಕಿ ಅಳಾಕತ್ತಿದ್ದಳೋ ನಗಾಕತ್ತಿದ್ದಳೋ, ಗೊತ್ತಾಗಲಿಲ್ಲ. ಇಟ್ಟೆ.

ಸೆರಗಿಲೆ ಕಣ್ಣ ವರಸಿಕೊಂಡು ಇಳಿಯಾಕ ಬಂದೆ. ಕೆಳಗ ಅಂಗಳ ಕಂಡಿತು. ಅಲ್ಲೇ ನಿಂತೆ. ಕರಿಬೇಕಂದ್ರ ಮನ್ಯಾಗ ಯಾರೂ ಇಲ್ಲ. ಗ್ವಾಡಿ ಹಿಡದು ಪಾದ ಜೋಡಸಿದೆ. ಮೊಣಕಾಲ ಜೋಡಸಿ ಚೂರು ಬಗ್ಗಸಿದೆ. ಕೆಳಗ ನೋಡಬ್ಯಾಡ, ದೂರ ನೋಡು. ನೋಡಿದೆ. ಕಾಲುವಿ ಕಂಡಿತು, ಕಾಲುವಿ ಆಚೆ ಹೊಲ, ಹೊಲದ ಆಚೆ ಇಳಕಲ್ಲ ಕಡಿ ಕ್ವಾರಿ ಗುಡ್ಡ, ಅರ್ಧ ಕೊರದು ಬಿಟ್ಟದ್ದು. ಅದನ್ನ ನೋಡಕೋತ ಒಂದೊಂದ ಪಾವಟಿಗಿ ಇಳದೆ. ಕಾಲಿಗೆ ಸೆಗಣಿ ಸಾರಿಸಿದ ನೆಲ ತಣ್ಣಗ ಹತ್ತಿತು.

ನೀರ ಕುಡದು, ಮಕ ತೊಳದು, ಕಟ್ಟಿ ಮ್ಯಾಲ ಕುಂತಾಗ ನೆಪ್ಪಾತು. ಮೆಣಸಿನಕಾಯಿ ತಿರುವೂದು ಮರತ ಬಂದೇನಿ. ನಾಳೆ ಮತ್ತ ಏರಬೇಕು.